ಮಿನುಗುವೇಷದ ರಾಕ್ ಮತ್ತು ಕೋಲಾರ ಸೀಮೆಯ ವೇದಿಕೆ

ರಾಕ್ ಸಂಗೀತದಲ್ಲಿ ‘ಗ್ಲ್ಯಾಮ್’ ಎಂದು ಹೆಸರಾದ ಪ್ರಕಾರವು 1970ರ ದಶಕದ ಆರಂಭದಲ್ಲಿ ಬ್ರಿಟನ್ನಿನಲ್ಲಿ ರೂಪುಗೊಂಡಿತು. ಟಿ. ರೆಕ್ಸ್ ತಂಡದ ಮಾರ್ಕ್ ಬೋಲನ್ 1971ರಲ್ಲಿ ಕಣ್ಣಿನ ಕೆಳಗೆ ಮಿನುಗುಪುಡಿ ಹಚ್ಚಿಕೊಂಡು ಟೆಲಿವಿಷನ್ ತೆರೆಯ ಮೇಲೆ ಕಾಣಿಸಿಕೊಂಡಾಗ, ಮರುವರ್ಷ ಡೇವಿಡ್ ಬೋವಿ ಜಿಗ್ಗಿ ಸ್ಟಾರ್‌ಡಸ್ಟ್ ಎಂಬ ಕಲ್ಪಿತ ಗಾಯಕನ ವೇಷ ತೊಟ್ಟು ಆ ಪಾತ್ರವಾಗಿಯೇ ಹಾಡಿದಾಗ, ಹಾಡುಗಾರನ ಉಡುಗೆ, ಬಣ್ಣ ಮತ್ತು ಅಂಗಚಲನೆಗಳು ಹಾಡಿನಷ್ಟೇ ಮುಖ್ಯವೆಂಬ ತಿಳಿವಳಿಕೆ ಜನಪ್ರಿಯ ಸಂಗೀತದಲ್ಲಿ ಬೇರೂರಿತು. ಯಕ್ಷಗಾನ, ಬಯಲಾಟಗಳನ್ನು ಕಂಡ ಕನ್ನಡಿಗರಿಗೆ ವೇಷ ಮತ್ತು ಹಾಡಿನ ಈ ಕೂಟ ಹೊಸದೇನಲ್ಲ. ಆದರೆ ವಿದ್ಯುತ್ ಗಿಟಾರು, ಡ್ರಮ್ ಸೆಟ್ಟುಗಳ ಅಬ್ಬರಕ್ಕೆ ಕನ್ನಡದ ಮಾತು ಮತ್ತು ಕನ್ನಡದ ವೇಷ ಕೂಡಿಬರಲು ಮೂರು ದಶಕಗಳಷ್ಟು ಕಾಲ ಹಿಡಿಯಿತು. ಕೂಡಿಬಂದ ಮೇಲೂ ಆ ಸಂಗೀತವು ಬೆಂಗಳೂರಿನಿಂದ ಎಪ್ಪತ್ತು ಕಿಲೋಮೀಟರ್ ದೂರದ ಕೋಲಾರವನ್ನು ಸರಿಯಾಗಿ ಮುಟ್ಟಿದೆಯೆಂದು ಹೇಳಲಾಗದು.

ಭಾರತದಲ್ಲಿ ಈ ಪ್ರಕಾರಕ್ಕೆ ಹತ್ತಿರವಾಗಿದ್ದ ತಂಡವೆಂದರೆ 1984ರಲ್ಲಿ ಮುಂಬಯಿಯಲ್ಲಿ ಹುಟ್ಟಿದ ರಾಕ್ ಮಷೀನ್. ಇಂಗ್ಲಿಷಿನಲ್ಲಿ ಸ್ವಂತ ಹಾಡುಗಳನ್ನು ಕಟ್ಟಿ 1988ರಲ್ಲಿ ಧ್ವನಿಮುದ್ರಿಕೆ ತಂದ ಈ ತಂಡ 1993ರಲ್ಲಿ ಇಂಡಸ್ ಕ್ರೀಡ್ ಎಂದು ಹೆಸರು ಬದಲಿಸಿಕೊಂಡಿತು. ಬೆಂಗಳೂರಿನ ದಂಡುಪ್ರದೇಶದಲ್ಲಿ ಇದಕ್ಕೂ ಮೊದಲೇ, 1970ರ ದಶಕದಲ್ಲಿ, ಸುರೇಶ್ ಮತ್ತು ರಮೇಶ್ ಶೋತ್ತಮ್ ಸೋದರರಿದ್ದ ಹ್ಯೂಮನ್ ಬಾಂಡೇಜ್ ತಂಡ ಹೆಸರು ಮಾಡಿತ್ತು. ಆ ತಂಡದ ಡ್ರಮ್ ವಾದಕರಾಗಿದ್ದ ರಮೇಶ್ ಮುಂದೆ ತವಿಲ್ ಕಲಿತು, ಜರ್ಮನಿಯಲ್ಲಿ ನೆಲೆಸಿ, ದಕ್ಷಿಣದ ತಾಳಗಳನ್ನು ಜಾಝ್ ಸಂಗೀತಕ್ಕೆ ಬೆಸೆದರು. ನಗರದ ರಾಕ್ ವಾದಕರು ಈ ನೆಲದ ಚರ್ಮವಾದ್ಯದತ್ತ ತಿರುಗಿದ ಆರಂಭದ ನಿದರ್ಶನಗಳಲ್ಲಿ ಇದೂ ಒಂದು ಎಂಬುದರಿಂದ ಈ ಸಂಗತಿ ಗಮನಾರ್ಹವಾಗಿದೆ.

ಕನ್ನಡದ ಸಾಮಾನ್ಯ ಕೇಳುಗರಿಗೆ ರಾಕ್ ತಲುಪಿದ್ದು ಇಂಥ ತಂಡಗಳ ಮೂಲಕವಲ್ಲ, ಸಿನಿಮಾದ ಮೂಲಕ. 1978ರ ‘ಆಪರೇಷನ್ ಡೈಮಂಡ್ ರಾಕೆಟ್’ ಚಿತ್ರದಲ್ಲಿ ರಾಜ್‌ಕುಮಾರ್ ಇಂಗ್ಲಿಷ್ ಹಾಡೊಂದನ್ನು ಹಾಡಿದರು. 1981ರ ‘ಗೀತಾ’ ಚಿತ್ರದಲ್ಲಿ ಇಳಯರಾಜ ಅವರ ಸಂಗೀತಕ್ಕೆ ಶಂಕರ್‌ನಾಗ್ ವೇದಿಕೆಯ ಮೇಲೆ ಕುಣಿದದ್ದು ಒಂದು ತಲೆಮಾರಿನ ಯುವಕರಿಗೆ ಹಾಡುಗಾರನ ಆದರ್ಶ ಚಿತ್ರವಾಯಿತು. 1987ರ ‘ಪ್ರೇಮಲೋಕ’ದಲ್ಲಿ ಹಂಸಲೇಖ ಆಡುಮಾತಿನ ಕನ್ನಡವನ್ನು ಹೊಸ ಲಯಕ್ಕೆ ಹೊಂದಿಸಿದರು. ಈ ಹಾಡುಗಳನ್ನು ಊರೂರಿಗೆ ಕೊಂಡೊಯ್ದದ್ದು ಜನರ ಬಾಯಲ್ಲಿ ‘ಆರ್ಕೆಸ್ಟ್ರಾ’ ಎನಿಸಿಕೊಂಡ ವಾದ್ಯಗೋಷ್ಠಿಗಳು. ಗಣೇಶೋತ್ಸವ, ರಾಜ್ಯೋತ್ಸವ, ಊರಹಬ್ಬಗಳಲ್ಲಿ ಕೀಬೋರ್ಡು, ರಿದಂ ಪ್ಯಾಡುಗಳನ್ನು ಹೊತ್ತು, ಮಿರುಗುವ ಕೋಟು ತೊಟ್ಟು, ಬಣ್ಣದ ದೀಪಗಳ ಕೆಳಗೆ ನಡುರಾತ್ರಿಯವರೆಗೆ ಹಾಡಿದ ಈ ಕಲಾವಿದರನ್ನು ಸಂಗೀತದ ಚರಿತ್ರೆ ಬರೆದವರು ಬಹುತೇಕ ಕಡೆಗಣಿಸಿದ್ದಾರೆ. ಇದು ಅನ್ಯಾಯ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದಂಥ ಊರುಗಳಲ್ಲಿ ಕನ್ನಡ, ತೆಲುಗು, ತಮಿಳು ಹಾಡುಗಳನ್ನು ಒಂದೇ ರಾತ್ರಿ ಹಾಡಬಲ್ಲ ಗಾಯಕನಿಗಷ್ಟೇ ಬೆಲೆಯಿದ್ದುದರಿಂದ, ಅವರ ಕಸುಬು ಬೆಂಗಳೂರಿನ ಹೋಟೆಲಿನಲ್ಲಿ ಹಾಡುವವರ ಕಸುಬಿಗಿಂತ ಹಗುರವಾಗಿರಲಿಲ್ಲ. ಪಕ್ಕದ ಚಿನ್ನದ ಗಣಿ ಪ್ರದೇಶದಲ್ಲಂತೂ ಬ್ರಿಟಿಷರು ಮತ್ತು ಆಂಗ್ಲೋ-ಇಂಡಿಯನ್ನರು ಬಿಟ್ಟುಹೋದ ಪಾಶ್ಚಾತ್ಯ ನೃತ್ಯಸಂಗೀತದ ನೆನಪು ಬಹುಕಾಲ ಉಳಿದಿತ್ತು. ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದ ಮೇಲೆ ದುಡಿಮೆಯನ್ನರಸಿ ಜನ ಬೆಂಗಳೂರಿನತ್ತ ಮುಖ ಮಾಡಿದರು.

ಕನ್ನಡದ ಮಾತು ರಾಕ್ ತಂಡದ ಕೈಗೆ ನಿಜವಾಗಿ ಸಿಕ್ಕಿದ್ದು 1990ರ ದಶಕದ ಕೊನೆಯಲ್ಲಿ. ಮೈಸೂರಿನಲ್ಲಿ ಬೆಳೆದು, ಭರತನಾಟ್ಯ ಕಲಿತು, ಸೂಕ್ಷ್ಮಜೀವಿ ವಿಜ್ಞಾನದಲ್ಲಿ ಸ್ನಾತಕೋತ್ತರ ಪದವಿ ಪಡೆದ ರಘು ದೀಕ್ಷಿತ್ ಕಟ್ಟಿದ ಅಂತರಾಗ್ನಿ ತಂಡವು ಸ್ವಂತ ರಚನೆಗಳ ಜೊತೆಗೆ ಶಿಶುನಾಳ ಶರೀಫರ ತತ್ವಪದಗಳನ್ನು ಗಿಟಾರಿಗೆ ಹೊಂದಿಸಿತು. ಹತ್ತೊಂಬತ್ತನೆಯ ಶತಮಾನದ ಸಂತಕವಿಯ ಮಾತು ರಾಕ್ ಲಯಕ್ಕೆ ಇಷ್ಟು ಸಲೀಸಾಗಿ ಒಗ್ಗಿದ್ದಕ್ಕೆ, ಆ ಪದಗಳು ಮೊದಲಿನಿಂದಲೂ ಭಜನಾ ಮೇಳದ ತಾಳಕ್ಕೆ ಕಟ್ಟಿದವಾಗಿದ್ದುದೇ ಕಾರಣವಿರಬೇಕು. ಆದರೂ ತಂಡ ಉಳಿಯಲಿಲ್ಲ. ಧ್ವನಿಮುದ್ರಣ ಸಂಸ್ಥೆಗಳ ಬಾಗಿಲಲ್ಲಿ ವರ್ಷಗಟ್ಟಲೆ ಕಾದ ಬಳಿಕ, ‘ರಘು ದೀಕ್ಷಿತ್ ಪ್ರಾಜೆಕ್ಟ್’ ಎಂಬ ಹೊಸ ಹೆಸರಿನಲ್ಲಿ ಮೊದಲ ಮುದ್ರಿಕೆ ಹೊರಬಂದದ್ದು 2008ರಲ್ಲಿ, ಅದೂ ಮುಂಬಯಿಯ ಸಂಗೀತ ನಿರ್ದೇಶಕರಾದ ವಿಶಾಲ್–ಶೇಖರ್ ಜೋಡಿಯ ಬೆಂಬಲದಿಂದ. 2010ರಲ್ಲಿ ಬಿಬಿಸಿ ವಾಹಿನಿಯ ಜೂಲ್ಸ್ ಹಾಲಂಡ್ ಕಾರ್ಯಕ್ರಮದಲ್ಲಿ ಹಾಡಿದ ಮೇಲೆ ತಂಡಕ್ಕೆ ಹೊರದೇಶದ ವೇದಿಕೆಗಳು ತೆರೆದವು. ಬಣ್ಣದ ಲುಂಗಿ ಮತ್ತು ಕಾಲ್ಗೆಜ್ಜೆ ಆ ತಂಡದ ಗುರುತಾದವು. ಮೈಸೂರಿನವರೇ ಆದ ವಾಸು ದೀಕ್ಷಿತರ ಸ್ವರಾತ್ಮ ತಂಡವು ವೇಷದ ವಿಚಾರದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಬೇಸ್ ಗಿಟಾರ್ ವಾದಕನ ಸೊಂಟಕ್ಕೆ ಬಟ್ಟೆಯ ಕುದುರೆ ಕಟ್ಟಿ ವೇದಿಕೆಗೆ ತಂದಿತು. ಕೋಲಾರ ಸೀಮೆಯ ಜನರಿಗೆ ಅದು ಜಾತ್ರೆ ಮೆರವಣಿಗೆಯಲ್ಲಿ ಕಂಡ ಕೀಲುಕುದುರೆಯೇ. ಬೋಲನ್ನನ ಮಿನುಗುಪುಡಿಗೆ ಕನ್ನಡ ರಾಕ್ ಕೊಟ್ಟ ಉತ್ತರ ಇದು. ಹೊರಗಿನಿಂದ ತಂದ ಹೊಳಪಿಗಿಂತ ಇದು ಹೆಚ್ಚು ಬಾಳುವಂಥದ್ದು.

ರಾಕ್ ತಂಡಗಳ ಮತ್ತು ವಾದ್ಯಗೋಷ್ಠಿಗಳ ಸಂಕಷ್ಟಕ್ಕೆ ಕಾನೂನಿನ ಪಾಲೂ ಇದೆ. ರಾತ್ರಿ ಹತ್ತರ ನಂತರ ಧ್ವನಿವರ್ಧಕವನ್ನು ನಿರ್ಬಂಧಿಸುವ 2000ದ ಶಬ್ದಮಾಲಿನ್ಯ ನಿಯಮಗಳು ವಾದ್ಯಗೋಷ್ಠಿಯ ನಡುರಾತ್ರಿಯವರೆಗಿನ ಕಾರ್ಯಕ್ರಮಗಳನ್ನು ಮೊಟಕುಗೊಳಿಸಿದವು. ಬೆಂಗಳೂರಿನಲ್ಲಿ ಸಾರ್ವಜನಿಕ ಮನರಂಜನಾ ಸ್ಥಳಗಳಿಗೆ ಪರವಾನಗಿ ಕಡ್ಡಾಯಗೊಳಿಸಿದ 2005ರ ಆದೇಶವನ್ನು ಸುಪ್ರೀಂ ಕೋರ್ಟ್ 2018ರ ಜನವರಿಯಲ್ಲಿ ಎತ್ತಿಹಿಡಿದ ಮೇಲೆ, ಪರವಾನಗಿಯಿಲ್ಲದ ಪಬ್ಬು, ರೆಸ್ಟೊರೆಂಟುಗಳಲ್ಲಿ ಹಾಡುವುದಕ್ಕೆ ತಡೆ ಬಿತ್ತು. ಬಾರುಗಳ ‘ಲೈವ್ ಬ್ಯಾಂಡ್’ ವಹಿವಾಟಿಗೆ ಕಡಿವಾಣ ಹಾಕುವ ಕ್ರಮವು ಗಿಟಾರು ಹಿಡಿದ ಹುಡುಗರ ಅನ್ನಕ್ಕೂ ತಟ್ಟಿತು.

ಈ ಅಷ್ಟೂ ಚರಿತ್ರೆಯ ಪಕ್ಕದಲ್ಲಿ ಕೋಲಾರ ಜಿಲ್ಲೆಯಲ್ಲಿ ಬೇರೊಂದು ಅಬ್ಬರದ ಸಂಗೀತ ಬೆಳೆಯುತ್ತಿತ್ತು. 1970ರ ದಶಕದಲ್ಲಿ ದಲಿತ ಸಂಘರ್ಷ ಸಮಿತಿ ರೂಪುಗೊಂಡಾಗ ಅದರ ಹೋರಾಟದ ಹಾಡುಗಳಿಗೆ ಈ ಸೀಮೆ ದೊಡ್ಡ ನೆಲೆಯಾಯಿತು. ಕೋಟಿಗಾನಹಳ್ಳಿ ರಾಮಯ್ಯ ಹಾಡು ಕಟ್ಟಿದರು. ಪಿಚ್ಚಳ್ಳಿ ಶ್ರೀನಿವಾಸ್, ಗೊಲ್ಲಹಳ್ಳಿ ಶಿವಪ್ರಸಾದ್ ಅವರಂಥವರು ಹಾಡಿದರು. ಇವರಿಬ್ಬರೂ ಮುಂದೆ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. ಮುಳಬಾಗಿಲು, ಶ್ರೀನಿವಾಸಪುರಗಳು ಆಂಧ್ರದ ಗಡಿಗೆ ಅಂಟಿಕೊಂಡಿದ್ದು ಮನೆಮಾತು ತೆಲುಗಾಗಿರುವ ಕುಟುಂಬಗಳು ಅಲ್ಲಿ ಹೇರಳವಾಗಿರುವುದರಿಂದ, ಹೆಗಲಿಗೆ ಕಂಬಳಿ, ಕಾಲಿಗೆ ಗೆಜ್ಜೆ, ಕೈಯಲ್ಲಿ ಕೋಲು ಹಿಡಿದು ಹಾಡುತ್ತಿದ್ದ ತೆಲಂಗಾಣದ ಗದ್ದರ್ ಅವರ ಹಾಡುಗಾರಿಕೆ ಇಲ್ಲಿಗೆ ಅನುವಾದದ ಹಂಗಿಲ್ಲದೆ ತಲುಪಿತು.

ಈ ಹಾಡುಗಳ ಬೆನ್ನೆಲುಬು ತಮಟೆ, ಅಂದರೆ ದುಂಡನೆಯ ಬಳೆಗೆ ಹದಮಾಡಿದ ಚರ್ಮ ಬಿಗಿದು, ಬೆಂಕಿಗೆ ಕಾಯಿಸಿ ನಾದ ಏರಿಸಿ, ಎರಡು ಕಡ್ಡಿಗಳಿಂದ ಬಡಿಯುವ ವಾದ್ಯ. ಸಾವಿಗೂ ದೇವರ ಮೆರವಣಿಗೆಗೂ ತಮಟೆ ಬಡಿಯುವುದು ಒಂದು ಜಾತಿಯ ಮೇಲೆ ಹೇರಿದ ಚಾಕರಿಯಾಗಿದ್ದುದರಿಂದ, ಅದನ್ನು ಬಿಸುಡಬೇಕೇ ಅಥವಾ ಸ್ವಾಭಿಮಾನದ ವಾದ್ಯವಾಗಿ ಎತ್ತಿಕೊಳ್ಳಬೇಕೇ ಎಂಬ ಪ್ರಶ್ನೆ ಚಳವಳಿಯ ಒಳಗೇ ಎದ್ದಿತು. ಕೋಲಾರದ ಕಲಾತಂಡಗಳು ಎರಡನೆಯ ದಾರಿ ಹಿಡಿದವು. ಆ ಆಯ್ಕೆಗೆ ಬೇಕಾದ ಎದೆಗಾರಿಕೆ ಎಂಥದೆಂಬುದನ್ನು ಅರಿಯಲು, ಮಾಲೂರು ತಾಲ್ಲೂಕಿನ ಉಳ್ಳೇರಹಳ್ಳಿಯಲ್ಲಿ 2022ರಲ್ಲಿ ದೇವರ ಉತ್ಸವದ ಕೋಲನ್ನು ಮುಟ್ಟಿದ ದಲಿತ ಬಾಲಕನ ಕುಟುಂಬಕ್ಕೆ 60,000 ರೂಪಾಯಿ ದಂಡ ಹಾಕಿದ ಘಟನೆಯನ್ನು ನೆನೆದರೆ ಸಾಕು. ಕೋಲಾರದ ಪಕ್ಕದ ತೇರಹಳ್ಳಿ ಬೆಟ್ಟದಲ್ಲಿ ರಾಮಯ್ಯ ಮತ್ತು ಸಂಗಾತಿಗಳು ಕಟ್ಟಿದ ‘ಆದಿಮ’ ಸಾಂಸ್ಕೃತಿಕ ಕೇಂದ್ರವು ‘ಹುಣ್ಣಿಮೆ ಹಾಡು’ ಎಂಬ ತಿಂಗಳ ಕಾರ್ಯಕ್ರಮದ ಮೂಲಕ ಈ ಪರಂಪರೆಗೆ ಕಾಯಂ ವೇದಿಕೆ ಒದಗಿಸಿತು. ಹಿಂದೆ ಕೋಲಾರ ಜಿಲ್ಲೆಗೇ ಸೇರಿದ್ದ ಶಿಡ್ಲಘಟ್ಟ ತಾಲ್ಲೂಕಿನ ತಮಟೆ ವಾದಕ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪ ಅವರಿಗೆ 2023ರಲ್ಲಿ ಪದ್ಮಶ್ರೀ ಸಂದಿತು.

ಈ ಗೌರವ ಬಂದ ಹೊತ್ತಿಗೆ ಊರಹಬ್ಬದ ಮೆರವಣಿಗೆಯಲ್ಲಿ ಡಿಜೆ ಪೆಟ್ಟಿಗೆಗಳು ತಮಟೆಯ ಜಾಗಕ್ಕೆ ಬಂದಾಗಿತ್ತು. ವಾದ್ಯಗೋಷ್ಠಿಯ ವಾದಕರ ಜಾಗಕ್ಕೆ ಕರೋಕೆ ಟ್ರ್ಯಾಕ್ ಬಂದಿತ್ತು. ಚರ್ಮದ ಬದಲು ಫೈಬರ್ ಹಾಳೆ ಬಿಗಿದ ತಮಟೆಗಳು, ಕಾಯಿಸುವ ಗೋಜಿಲ್ಲದೆ ಮಳೆಯಲ್ಲೂ ನುಡಿಯುತ್ತವೆಂಬ ಅನುಕೂಲದಿಂದಾಗಿ ಚಾಲ್ತಿಗೆ ಬಂದಿವೆ, ಆದರೆ ಚರ್ಮದ ತಮಟೆಯ ಆಳವಾದ ನಾದ ಅವುಗಳಿಗಿಲ್ಲ. ನಗರದ ಕನ್ನಡ ರಾಕ್ ತಂಡಗಳು ಶರೀಫರ ಮಾತನ್ನು, ಜಾತ್ರೆಯ ವೇಷವನ್ನು ಹುಡುಕಿಕೊಂಡು ಬಂದಷ್ಟು ಆಸ್ಥೆಯಿಂದ ಕೋಲಾರದ ತಮಟೆಯನ್ನು ಹುಡುಕಿಕೊಂಡು ಬಂದಿಲ್ಲ. ಬಂದರೆ ಆ ವಾದಕರನ್ನು ಹಿನ್ನೆಲೆಯಲ್ಲಿ ನಿಲ್ಲಿಸದೆ, ಸಂಭಾವನೆಯಲ್ಲೂ ಹೆಸರಿನಲ್ಲೂ ಗಿಟಾರ್ ವಾದಕನಿಗೆ ಸಮನಾಗಿ ಕಾಣಬೇಕಾಗುತ್ತದೆ.