ಹಾಲೆಂಡಿನ ಕಡಲ ಏರಿಗಳು

ಮೈಸೂರು ಸೀಮೆಯಲ್ಲಿ ಏರಿ ಎಂದೊಡನೆ ನೆನಪಿಗೆ ಬರುವುದು ಕೆರೆ. ಏರಿಯ ಒಂದು ಕಡೆ ನೀರು, ಇನ್ನೊಂದು ಕಡೆ ಗದ್ದೆ ತೋಟಗಳು. ಹಾಲೆಂಡ್ ದೇಶದಲ್ಲಿಯೂ ಏರಿಗಳುಂಟು. ಆದರೆ ಅಲ್ಲಿ ಏರಿಯ ಒಳಗಿರುವುದು ಊರು, ಹೊರಗಿರುವುದು ಸಮುದ್ರ. ಆ ದೇಶದ ಸುಮಾರು ಕಾಲುಭಾಗ ನೆಲವು ಕಡಲ ಮಟ್ಟಕ್ಕಿಂತ ತಗ್ಗಿನಲ್ಲಿದೆ. ಆದಕಾರಣ ಡಚ್ಚರ ಚರಿತ್ರೆಯನ್ನು ಅರಸರ ಕಾಳಗಗಳಿಂದ ತಿಳಿಯುವುದಕ್ಕಿಂತ ಅವರ ಏರಿಗಳಿಂದ ತಿಳಿಯುವುದು ಲೇಸು.

ಕ್ರಿಸ್ತಶಕ ಮೊದಲನೆಯ ಶತಮಾನದಲ್ಲಿ ರೋಮಿನ ಗ್ರಂಥಕಾರನಾದ ಪ್ಲಿನಿಯು ಉತ್ತರ ಸಮುದ್ರದ ತೀರದ ಜನರನ್ನು ಕುರಿತು ಬರೆದಿದ್ದಾನೆ. ಆಗ ಅವರಿಗೆ ಏರಿಗಳಿರಲಿಲ್ಲ. ಮಣ್ಣನ್ನು ಗುಡ್ಡೆಹಾಕಿ, ಆ ದಿಬ್ಬಗಳ ಮೇಲೆ ಗುಡಿಸಲು ಕಟ್ಟಿಕೊಂಡು, ಉಬ್ಬರ ಬಂದಾಗಲೆಲ್ಲ ನಡುಗಡ್ಡೆಯವರಾಗಿ ಬಾಳುತ್ತಿದ್ದರು. ಸಾವಿರ ವರ್ಷಗಳ ತರುವಾಯ ದಿಬ್ಬದಿಂದ ದಿಬ್ಬಕ್ಕೆ ಏರಿಗಳು ಬಂದುವು. ಜವುಗು ನೆಲವನ್ನು ಬಸಿದು ಬೇಸಾಯ ಮಾಡತೊಡಗಿದರು. ಆದರೆ ಜವುಗು ಮಣ್ಣಿನಿಂದ ನೀರನ್ನು ಬಸಿದಷ್ಟೂ ಆ ನೆಲ ಕುಗ್ಗುತ್ತದೆ. ನೆಲ ಕುಗ್ಗಿದಷ್ಟೂ ಏರಿಯನ್ನು ಎತ್ತರಿಸಬೇಕು. ಹೀಗೆ ಅವರ ಉದ್ಯಮವೇ ಅವರ ಅಪಾಯವನ್ನು ಬೆಳೆಸಿತು.

ಈ ಅಪಾಯಕ್ಕೆ ಅವರು ಕಂಡುಕೊಂಡ ಪರಿಹಾರ ಬರಿಯ ಮಣ್ಣುಕಲ್ಲಿನದಲ್ಲ. 13ನೆಯ ಶತಮಾನದಿಂದ ಅಲ್ಲಿ ಜಲಮಂಡಲಿಗಳು ಏರ್ಪಟ್ಟುವು. ಏರಿಯ ಮರಾಮತ್ತು, ಕಾಲುವೆಗಳ ತನಿಖೆ, ತಪ್ಪಿದವರಿಗೆ ದಂಡ, ಎಲ್ಲವೂ ಈ ಮಂಡಲಿಗಳ ಕೈಯಲ್ಲಿ. ದೇಶದ ಪಾರ್ಲಿಮೆಂಟಿಗಿಂತ ಹಳೆಯದಾದ ಈ ಸಂಸ್ಥೆ ಇಂದಿಗೂ ಉಳಿದಿದೆ. ಒಬ್ಬೊಬ್ಬ ಭೂಮಾಲೀಕನಿಗೂ ಏರಿಯ ಇಷ್ಟಿಷ್ಟು ಭಾಗವೆಂದು ಗೊತ್ತುಮಾಡಿದ್ದರು. ಅದನ್ನು ಕಾಪಾಡಲು ಶಕ್ತಿ ಸಾಲದವನು ತನ್ನ ಪಾಲಿನ ಏರಿಯಲ್ಲಿ ಒಂದು ಸನಿಕೆಯನ್ನು ನೆಟ್ಟು ಹೊರಟುಹೋಗಬೇಕು. ಆ ಸನಿಕೆಯನ್ನು ಕಿತ್ತವನಿಗೆ ಅವನ ಜಮೀನೂ ಸೇರಿತು, ಏರಿಯ ಹೊಣೆಯೂ ಸೇರಿತು. ಕಠಿನವಾದ ಕಟ್ಟಳೆಯೇ ಸರಿ. ಆದರೆ ಒಬ್ಬನ ಉದಾಸೀನದಿಂದ ಊರೇ ಮುಳುಗುವಲ್ಲಿ ದಾಕ್ಷಿಣ್ಯಕ್ಕೆ ಎಡೆಯೆಲ್ಲಿ?

ಇಂಥ ಜನರೂ ಒಮ್ಮೆ ಮೈಮರೆತರು. 1932ರಲ್ಲಿ 32 ಕಿಲೋಮೀಟರ್ ಉದ್ದದ ಕಟ್ಟೆಯಿಂದ ಜೌಡರ್ ಜೀ ಎಂಬ ಕೊಲ್ಲಿಯನ್ನೇ ಮುಚ್ಚಿ ಸರೋವರವಾಗಿಸಿದ್ದ ದೇಶವದು. ಆದರೆ ನೈಋತ್ಯದ ಜೀಲೆಂಡ್ ಪ್ರಾಂತದ ಹಳೆಯ ಏರಿಗಳು ತಗ್ಗಾಗಿಯೇ ಉಳಿದಿದ್ದುವು. ಯೋಹಾನ್ ಫಾನ್ ಫೇನ್ ಎಂಬ ಸರ್ಕಾರಿ ಇಂಜಿನಿಯರು ಉಬ್ಬರಗಳನ್ನು ಅಳೆದು, ಲೆಕ್ಕ ಹಾಕಿ, ಈ ಏರಿಗಳು ಸಾಲವೆಂದು ವರ್ಷಾಂತರಗಳಿಂದ ಹೇಳುತ್ತ ಬಂದಿದ್ದರು. ನಿಜ ನುಡಿದರೂ ಯಾರೂ ನಂಬದ ಗ್ರೀಕ್ ಪುರಾಣದ ಕಣಿಗಾರ್ತಿ ಕಸಾಂಡ್ರಳ ಹೆಸರನ್ನೇ ಗುಪ್ತನಾಮವಾಗಿ ಇಟ್ಟುಕೊಂಡು ಬರೆದರು. ಆದರೆ ಯುದ್ಧವೂ ಯುದ್ಧಾನಂತರದ ಹಣದ ಮುಗ್ಗಟ್ಟೂ ಅಡ್ಡಬಂದುವು.

1953ನೆಯ ಇಸವಿಯ ಜನವರಿ 31ರ ರಾತ್ರಿ ಹುಣ್ಣಿಮೆಯ ದೊಡ್ಡ ಉಬ್ಬರವೂ ವಾಯವ್ಯದ ಬಿರುಗಾಳಿಯೂ ಕೂಡಿ ಬಂದುವು. ವ್ಲಿಸಿಂಗನ್ ಬಂದರಿನಲ್ಲಿ ನೀರು ವಾಡಿಕೆಯ ಮಟ್ಟದ ಮೇಲೆ 4.55 ಮೀಟರ್ ಏರಿತು. ಅನೇಕ ಏರಿಗಳು ಅಲೆಯ ಹೊಡೆತದಿಂದ ಮುಂಭಾಗದಲ್ಲಿ ಒಡೆಯಲಿಲ್ಲ. ನೀರು ತಲೆಯ ಮೇಲೆ ಹರಿದು, ಹಿಂಬದಿಯ ಮಣ್ಣನ್ನು ಕೊರೆದು, ಬೆನ್ನಿನಿಂದ ಕುಸಿದುವು. ಈ ಪೀಠದಿಂದ ಮಾತನಾಡುವಾಗ ಹೇಳಲೇಬೇಕಾದ ಸಂಗತಿಯೊಂದುಂಟು: ಹವಾಮಾನ ಶಾಖೆಯವರು ಎಚ್ಚರಿಕೆಯನ್ನು ಕೊಟ್ಟಿದ್ದರು, ಆದರೆ ಆ ಕಾಲದಲ್ಲಿ ಅಲ್ಲಿಯ ರೇಡಿಯೋ ನಿಲಯಗಳು ನಡುರಾತ್ರಿಗೆ ಪ್ರಸಾರವನ್ನು ನಿಲ್ಲಿಸುತ್ತಿದ್ದುವು. ಸಮುದ್ರ ಬಂದಾಗ ಧ್ವನಿವರ್ಧಕ ಮೂಕವಾಗಿತ್ತು. ಬೆಳಗಾಗುವಷ್ಟರಲ್ಲಿ ಊರೂರುಗಳೇ ನೀರಿನಲ್ಲಿದ್ದುವು. ಹಾಲೆಂಡಿನಲ್ಲಿಯೇ 1836 ಮಂದಿ ಮಡಿದರು.

ಆ ರಾತ್ರಿಯ ಇನ್ನೊಂದು ಚಿತ್ರವನ್ನೂ ಮರೆಯಲಾಗದು. ರಾಟರ್‌ಡ್ಯಾಮಿಗೆ ಸಮೀಪದಲ್ಲಿ ನದಿಯ ಏರಿಯೊಂದು ಬಿರುಕುಬಿಟ್ಟಾಗ ಆರಿ ಎವಗ್ರೂನ್ ಎಂಬ ನಾವಿಕನು ತನ್ನ ದೋಣಿಯನ್ನೇ ಒಡಕಿಗೆ ಅಡ್ಡಲಾಗಿ ನೂಕಿ ನಿಲ್ಲಿಸಿದನು. ಆ ಏರಿಯ ಹಿಂದೆ ಲಕ್ಷೋಪಲಕ್ಷ ಜನರ ವಸತಿಯಿತ್ತು.

ದುರಂತವಾದ ಮೂರು ವಾರಗಳೊಳಗೆ ಸಮಿತಿ ನೇಮಕವಾಯಿತು, 1958ರಲ್ಲಿ ಶಾಸನವಾಯಿತು. ಕೊಲ್ಲಿಗಳ ಬಾಯಿಗಳನ್ನು ಅಣೆಕಟ್ಟುಗಳಿಂದ ಮುಚ್ಚಿಬಿಡುವುದೇ ಮೊದಲಿನ ಯೋಜನೆ. ಕೊನೆಗೆ ಪೂರ್ವ ಸ್ಕೆಲ್ಟ್ ಕೊಲ್ಲಿಯ ಸರದಿ ಬಂದಾಗ ಬೆಸ್ತರೂ ಪ್ರಕೃತಿಪ್ರೇಮಿಗಳೂ ತಡೆದರು. ಉಬ್ಬರವಿಳಿತ ನಿಂತರೆ ಅಲ್ಲಿಯ ಸಿಂಪಿ, ಮೀನು, ಹಕ್ಕಿಗಳೆಲ್ಲ ಹೋದುವೆಂದೇ ಅರ್ಥ. ಜೀವರಕ್ಷಣೆ ಮೊದಲೋ ಜೀವನೋಪಾಯ ಮೊದಲೋ ಎಂಬ ಈ ವಾದ ವರ್ಷಗಟ್ಟಲೆ ನಡೆಯಿತು. ಕಟ್ಟಕಡೆಗೆ ಎರಡನ್ನೂ ಉಳಿಸುವ ದಾರಿ ದೊರೆಯಿತು: 65 ಕಂಬಗಳ ನಡುವೆ 62 ಉಕ್ಕಿನ ಬಾಗಿಲುಗಳು. ನಿತ್ಯವೂ ಅವು ತೆರೆದೇ ಇರುತ್ತವೆ. ಬಿರುಗಾಳಿಯ ಮುನ್ಸೂಚನೆಯಿದ್ದಾಗ ಮಾತ್ರ ಮುಚ್ಚುತ್ತವೆ. ವೆಚ್ಚ ಬಹಳ ಹೆಚ್ಚಿತು. ಆದರೂ 1986ರಲ್ಲಿ ಕೆಲಸ ಪೂರೈಸಿತು.

ಕೊರೆತದ ವಿಷಯದಲ್ಲಿಯೂ ಅವರ ಬುದ್ಧಿ ಹೀಗೆಯೇ ಮಾಗಿತು. ಕಡಲು ಮರಳನ್ನು ಒಯ್ದ ಕಡೆಯಲ್ಲೆಲ್ಲ ಕಲ್ಲುಗೋಡೆ ಕಟ್ಟುವ ಬದಲು, 1990ರಿಂದೀಚೆಗೆ ಮರಳನ್ನೇ ಮತ್ತೆ ತಂದು ತೀರಕ್ಕೆ ಉಣಿಸುವುದನ್ನು ನಿಯಮವಾಗಿ ಅಂಗೀಕರಿಸಿದರು. 2011ರಲ್ಲಿ ಹೇಗ್ ನಗರದ ದಕ್ಷಿಣಕ್ಕೆ ಸುಮಾರು 2 ಕೋಟಿ 15 ಲಕ್ಷ ಘನಮೀಟರ್ ಮರಳನ್ನು ಒಂದೇ ಕಡೆ ಸುರಿದು, ಅದನ್ನು ತೀರದುದ್ದಕ್ಕೂ ಹಂಚುವ ಕೆಲಸವನ್ನು ಗಾಳಿಗೂ ಅಲೆಗಳಿಗೂ ಒಪ್ಪಿಸಿದರು.

ನಮ್ಮ ಕರಾವಳಿಗೂ ಈ ಮಾತು ದೂರದ್ದಲ್ಲ. ಉಳ್ಳಾಲದ ತೀರದಲ್ಲಿ ಮನೆಗಳೂ ತೆಂಗಿನ ಮರಗಳೂ ಕಡಲಿಗೆ ಬಿದ್ದುದನ್ನು ಕಂಡವರು ಅಲ್ಲಿ ಸುರಿದ ಬಂಡೆಗಳನ್ನೂ ಕಂಡಿದ್ದಾರೆ. ಒಂದೆಡೆ ಮರಳಿನ ನಡೆಯನ್ನು ತಡೆದರೆ ಕೊರೆತವು ನೆರೆಯವನ ಬಾಗಿಲಿಗೆ ಹೋಗುತ್ತದೆ. ಹಾಲೆಂಡಿನಷ್ಟು ಹಣ ಎಲ್ಲ ದೇಶಗಳಿಗೂ ಇರಲಾರದು. ಆದರೆ ಅಳೆದು ನೋಡಿದವನ ಮಾತನ್ನು ಕೇಳುವುದಕ್ಕೂ, ಎಚ್ಚರಿಕೆಯನ್ನು ವೇಳೆಗೆ ಸರಿಯಾಗಿ ಮನೆಮನೆಗೆ ಮುಟ್ಟಿಸುವುದಕ್ಕೂ, ತೀರವನ್ನು ಎಲ್ಲರ ಏರಿಯೆಂದು ಭಾವಿಸುವುದಕ್ಕೂ ಹಣಕ್ಕಿಂತ ಮನಸ್ಸು ಹೆಚ್ಚಾಗಿ ಬೇಕು. ಹಳೆಯ ಡಚ್ಚರ ಕಟ್ಟಳೆ ಹೇಳಿದ್ದೂ ಇಷ್ಟೇ: ನೆಲ ಬೇಕೆನ್ನುವವನು ಸನಿಕೆಯನ್ನು ಕೈಗೆತ್ತಿಕೊಳ್ಳಬೇಕು.