ರಾಮಧಾನ್ಯಕ್ಕೆ ತಗುಲಿದ ನಂಜು

ರಾಗಿಯ ಇತಿಹಾಸ ಅಂದ ಕೂಡಲೇ ನಮಗೆ ಕನಕದಾಸರ ರಾಮಧಾನ್ಯ ಚರಿತೆ ನೆನಪಾಗುತ್ತೆ. ಕೃಷಿ ಓದಿದವರಾದ್ರೆ ಇಂಡಾಫ್ ತಳಿಗಳನ್ನು ಕೊಟ್ಟ ಲಕ್ಷ್ಮಣಯ್ಯನವರ ಹೆಸರು ಹೇಳ್ತಾರೆ. ಆದರೆ ರಾಗಿಗೆ ಬಂದ ಕಾಯಿಲೆಗಳ ಇತಿಹಾಸ? ಅದರ ಮಾತೇ ಬರಲ್ಲ. ನಮ್ಮ ಹೊಸದುರ್ಗ ತಾಲ್ಲೂಕಿನ ಶ್ರೀರಾಂಪುರದ ಕಡೆ ರಾಗಿ ಅಂದ್ರೆ ವರ್ಷದ ಮುದ್ದೆ, ಜೊತೆಗೆ ದನಗಳಿಗೆ ಹುಲ್ಲು. ಪೈರು ಕೈಕೊಟ್ಟರೆ ಎರಡಕ್ಕೂ ಕುತ್ತು.

1965-66 ದೇಶಕ್ಕೆಲ್ಲ ಬರಗಾಲ. ಅಮೆರಿಕದ ಗೋಧಿ ಹಡಗುಗಳಿಗೆ ಕಾಯ್ತಿದ್ದ ಕಾಲ. ಅಂಥ ಹೊತ್ತಲ್ಲೇ ಮೈಸೂರು ಮತ್ತು ಆಂಧ್ರ ರಾಜ್ಯಗಳ ರಾಗಿ ಹೊಲಗಳಲ್ಲಿ ಒಂದು ಭಾರೀ ರೋಗ ಕಾಣಿಸಿಕೊಂಡಿತು. ಜೋಶಿ, ರಾಯಚೌಧುರಿ ಮತ್ತು ಜೊತೆಗಾರರು 1966ರಲ್ಲೇ ಇದರ ಬಗ್ಗೆ ಒಂದು ಪುಟ್ಟ ವರದಿ ಪ್ರಕಟಿಸಿದರು. ಬರಗಾಲದ ಕಥೆ ಎಲ್ಲರಿಗೂ ಗೊತ್ತು, ಈ ರೋಗದ ಕಥೆ ಆ ವರದಿಯಲ್ಲೇ ಉಳಿದುಹೋಯಿತು.

ಮುಂದಿನ ಘಟ್ಟ 1977. ಬೆಂಗಳೂರಿನ ಎಚ್.ಸಿ. ಗೋವಿಂದು, ಅಮೆರಿಕದ ಕಾರ್ಲ್ ಮಾರಮೊರೋಶ್ ಮತ್ತು ಕೊಂಡೊ ಸೇರಿ ಕರ್ನಾಟಕದ ಹೊಲಗಳ ರೋಗಪೀಡಿತ ರಾಗಿಯನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಡಿ ನೋಡಿದರು. ಒಳಗಿದ್ದದ್ದು ರ್‍ಯಾಬ್ಡೋವೈರಸ್! ಹುಚ್ಚುನಾಯಿ ರೋಗ ತರೋ ವೈರಸ್ಸಿನ ಕುಟುಂಬದ್ದೇ. ಹೆದರಬೇಡಿ, ಮುದ್ದೆ ತಿಂದವರಿಗೆ ಇದರಿಂದ ಏನೂ ಆಗಲ್ಲ :)

ಈ ನಂಜನ್ನು ಗಿಡದಿಂದ ಗಿಡಕ್ಕೆ ದಾಟಿಸೋದು ಸಿಕಾಡುಲಿನ ಅನ್ನೋ ಜಾತಿಯ ಜಿಗಿಹುಳು. ಉದ್ದ ಕೆಲವೇ ಮಿಲಿಮೀಟರ್. ರೋಗದ ಗಿಡದ ರಸ ಹೀರಿದಾಗ ವೈರಸ್ ಹುಳುವಿನ ಮೈ ಸೇರುತ್ತೆ, ಆಮೇಲೆ ಅದು ಕೂತ ಗಿಡಗಳಿಗೂ ಅಂಟುತ್ತೆ. ನಾವು ಕಂಪ್ಯೂಟರಿನಲ್ಲಿ ಹುಡುಕೋ ಬಗ್ ಅಲ್ಲ, ಇದು ನಿಜವಾದ ಬಗ್ಗು! ರಾಗಿಗೆ ಸಸ್ಯಹೇನು ಹರಡುವ ಮೊಸಾಯಿಕ್ ಅನ್ನೋ ಬೇರೆ ನಂಜು ರೋಗವೂ ಇದೆ.

ಗುರುತಿಸೋದು ಹೇಗೆ? ಬಿತ್ತಿದ ನಾಲ್ಕರಿಂದ ಆರು ವಾರಕ್ಕೆ ಎಲೆ ಮೇಲೆ ತಿಳಿಹಳದಿ ಚುಕ್ಕೆ, ಗೀರು ಕಾಣುತ್ತವೆ. ಗಿಡ ಕುಳ್ಳಾಗುತ್ತೆ, ತೆನೆ ಸಣ್ಣದಾಗಿ ಕಾಳು ಜೊಳ್ಳಾಗುತ್ತೆ. ಎಷ್ಟೋ ಸಲ ಇದನ್ನು ಗೊಬ್ಬರದ ಕೊರತೆ ಅಂತ ತಿಳಿದು ಯೂರಿಯಾ ಹಾಕ್ತಾರೆ. ಸಾರಜನಕ ಕಡಿಮೆಯಾದರೆ ಮೊದಲು ಹಣ್ಣಾಗೋದು ಕೆಳಗಿನ ಹಳೇ ಎಲೆ, ಅದೂ ಪೂರ್ತಿ ಹಳದಿಯಾಗಿ. ನಂಜಿನ ಗೀರು ಹೊಸ ಎಲೆಯಲ್ಲೂ ಇರುತ್ತೆ, ಹೊಲದಲ್ಲಿ ಅಲ್ಲೊಂದು ಇಲ್ಲೊಂದು ಗಿಡಕ್ಕೆ ಶುರುವಾಗುತ್ತೆ.

ನಂಜು ತಗುಲಿದ ಗಿಡಕ್ಕೆ ಮದ್ದಿಲ್ಲ. ಉಳಿಸಿಕೊಳ್ಳಬಹುದಾದದ್ದು ಪಕ್ಕದ ಗಿಡಗಳನ್ನು ಮಾತ್ರ. ಮೊದಮೊದಲು ಕಂಡ ರೋಗದ ಗಿಡಗಳನ್ನು ಕಿತ್ತು ಹೊಲದಿಂದಾಚೆ ಹಾಕಬೇಕು, ಬದುವಿನ ಹುಲ್ಲುಕಳೆ ತೆಗೆಯಬೇಕು. ಔಷಧಿ ಹೊಡೆಯೋದು ಜಿಗಿಹುಳುವಿಗೆ, ವೈರಸ್ಸಿಗಲ್ಲ. ಯಾವುದು, ಎಷ್ಟು ಅಂತ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿಯೇ ಹೊಡೆಯೋದು ಒಳ್ಳೇದು. ಇಡೀ ಹೊಲ ಹಳದಿಯಾದ ಮೇಲೆ ಏನು ಮಾಡಿದರೂ ದಂಡ.

1966ರಲ್ಲಿ ಇಪ್ಪತ್ತರ ಹರೆಯದಲ್ಲಿ ಕುಂಟೆ ಹೊಡೀತಿದ್ದವರಿಗೆ ಈಗ ಎಂಬತ್ತು. ಆ ವರ್ಷದ ರಾಗಿ ಹೇಗಿತ್ತು, ಈ ರೋಗಕ್ಕೆ ಅವರು ಏನಂತಿದ್ರು, ಗಿಡ ಕಿತ್ತರೋ ಹಾಗೇ ಬಿಟ್ಟರೋ? ನಿಮ್ಮ ಮನೆಯಲ್ಲಿ ಅಂಥ ಹಿರಿಯರಿದ್ದರೆ ಕೇಳಿ ಬರೆದಿಡಿ. ವಿಜ್ಞಾನಿಗಳ ವರದಿ ಎಲ್ಲೋ ಒಂದು ಕಡೆ ಸಿಗುತ್ತೆ, ಹೊಲದಲ್ಲಿ ನಿಂತು ನೋಡಿದವರ ಮಾತು ಅವರ ಜೊತೆಗೇ ಹೋಗಿಬಿಡುತ್ತೆ.