ಎಣ್ಣೆ ತಲೆ, ಒಣ ಪುಡಿ: ಸೀಗೆಯಿಂದ ಡ್ರೈ ಶಾಂಪೂವರೆಗೆ



ನಮ್ಮ ಶಾಲೆಯಲ್ಲಿ ಓದಿ ಹೋದ ಹೆಣ್ಣುಮಕ್ಕಳು ಈಗ ಬೆಳಗಿನ ಬಸ್ಸಿಗೆ ಡೆಂಕಣಿಕೋಟೆಯಿಂದ ಹೊಸೂರಿಗೆ ಹೋಗುತ್ತಾರೆ. ಕೆಲವರು ಕಾಲೇಜಿಗೆ, ಕೆಲವರು ಕಾರ್ಖಾನೆಗೆ. ಸಿಕ್ಕಾಗ ಅವರು ಕೇಳುವ ಒಂದು ಪ್ರಶ್ನೆ ಇದು: "ಟೀಚರ್, ತಲೆ ಒಂದೇ ದಿನಕ್ಕೆ ಜಿಡ್ಡಾಗ್ತದೆ. ದಿನಾ ತಲೆಗೆ ನೀರು ಹಾಕ್ಕೊಳ್ಳೋಕೆ ಹೊತ್ತಿಲ್ಲ, ಹಾಸ್ಟೆಲಲ್ಲಿ ನೀರೂ ಇಲ್ಲ. ಎಣ್ಣೆ ಕೂದಲಿಗೆ ಯಾವ ಡ್ರೈ ಶಾಂಪೂ ಒಳ್ಳೇದು?"

ಡ್ರೈ ಶಾಂಪೂ ಎಂದರೆ ನೀರಿಲ್ಲದೆ ಬಳಸುವ ಶಾಂಪೂ. ಪುಡಿಯಾಗಿಯೂ ಬರುತ್ತದೆ, ಒತ್ತಿದರೆ ಬುಸ್ ಎನ್ನುವ ಡಬ್ಬಿಯಲ್ಲಿಯೂ ಬರುತ್ತದೆ. ಬುಡಕ್ಕೆ ಹಾಕಿ, ಸ್ವಲ್ಪ ಹೊತ್ತು ಬಿಟ್ಟು, ಬಾಚಿ ಕೊಡವಿದರೆ ಜಿಡ್ಡು ಕಾಣುವುದಿಲ್ಲ. ಯಾವುದು ಒಳ್ಳೆಯದು ಎಂದು ಹೇಳುವ ಮೊದಲು, ತಲೆಯ ಎಣ್ಣೆಯನ್ನು ಜನ ಹೇಗೆ ತೆಗೆಯುತ್ತಾ ಬಂದರು ಎಂಬುದನ್ನು ಸ್ವಲ್ಪ ನೋಡೋಣ. ಉತ್ತರ ಅಲ್ಲೇ ಸಿಗುತ್ತದೆ.

ಎಣ್ಣೆ ಶುಭವಾಗಿದ್ದ ಕಾಲ

ನಮ್ಮಲ್ಲಿ ಎಣ್ಣೆ ತಲೆ ಎಂಬುದು ಬೈಗುಳವಾಗಿರಲಿಲ್ಲ. ಯುಗಾದಿಗೆ, ನರಕ ಚತುರ್ದಶಿಗೆ ನಸುಕಿನಲ್ಲಿ ಎದ್ದು ಎಣ್ಣೆ ಹಚ್ಚಿಸಿಕೊಳ್ಳದಿದ್ದರೆ ಹಬ್ಬವೇ ಆಗುತ್ತಿರಲಿಲ್ಲ. ವಾರದ ಎಣ್ಣೆ ನೀರಿಗೂ ದಿನ ಗೊತ್ತಿತ್ತು: ಹೆಂಗಸರಿಗೆ ಮಂಗಳವಾರ, ಶುಕ್ರವಾರ; ಗಂಡಸರಿಗೆ ಬುಧವಾರ, ಶನಿವಾರ.

ಇದು ಇಂದು ನಿನ್ನೆಯ ಪದ್ಧತಿಯಲ್ಲ. ವಾಗ್ಭಟನ ಅಷ್ಟಾಂಗಹೃದಯ ದಿನಚರ್ಯೆಯ ಭಾಗದಲ್ಲಿ ಅಭ್ಯಂಗವನ್ನು ಹೇಳುತ್ತದೆ. ತಲೆ, ಕಿವಿ, ಪಾದಗಳಿಗೆ ಮುಖ್ಯವಾಗಿ ಎಣ್ಣೆ ಹಚ್ಚಬೇಕು ಎನ್ನುತ್ತದೆ. ಅದರ ಜೊತೆಗೇ ಉದ್ವರ್ತನವನ್ನೂ ಹೇಳುತ್ತದೆ. ಉದ್ವರ್ತನ ಎಂದರೆ ಮೈಗೆ ಪುಡಿ ಹಾಕಿ ಉಜ್ಜುವುದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ (ಆಳ್ವಿಕೆ 1126-1138) ಬರೆಸಿದ ಮಾನಸೋಲ್ಲಾಸದಲ್ಲಿ ಸ್ನಾನಭೋಗ ಎಂಬ ಭಾಗವೇ ಇದೆ. ಎಣ್ಣೆ ಹಚ್ಚುವುದು, ಎಣ್ಣೆ ತೆಗೆಯುವುದು ಎರಡೂ ಸೇರಿ ಒಂದು ಸ್ನಾನ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನಮ್ಮ ಕಾಡು ಕೊಟ್ಟ ಮೂರು ಪುಡಿ

ಡೆಂಕಣಿಕೋಟೆ, ತಳಿ, ಅಂಚೆಟ್ಟಿ ಕಡೆಯ ಮನೆಗಳಲ್ಲಿ ಎಣ್ಣೆ ತೆಗೆಯಲು ಮೂರು ಸಾಮಾನು ಇದ್ದವು. ಸೀಗೆಕಾಯಿ, ಅಂಟುವಾಳ, ಚಿಗರೆ ಪುಡಿ. ನಮ್ಮ ಊರಲ್ಲಿ ಕನ್ನಡ, ತೆಲುಗು, ತಮಿಳು, ಉರ್ದು ನಾಲ್ಕೂ ಕೇಳಿಸುತ್ತವೆ. ಆದ್ದರಿಂದ ಒಂದೊಂದಕ್ಕೂ ಹಲವು ಹೆಸರು. ನಮ್ಮ ಅಂಟುವಾಳ ತೆಲುಗಿನವರಿಗೆ ಕುಂಕುಡುಕಾಯ, ತಮಿಳಿನವರಿಗೆ ಪೂಂದಿಕ್ಕೊಟ್ಟೈ. ನಮ್ಮ ಚಿಗರೆ ಪುಡಿ ತಮಿಳಿನವರಿಗೆ ಅರಪ್ಪು.

ಸೀಗೆ ಮುಳ್ಳಿನ ಬಳ್ಳಿ. ಅದರ ಕಾಯಿಯನ್ನು ಒಣಗಿಸಿ ಪುಡಿ ಮಾಡುತ್ತಾರೆ. ಅಂಟುವಾಳ ಮರದ ಕಾಯಿ, ಅದರ ಸಿಪ್ಪೆ ಚೆನ್ನಾಗಿ ನೊರೆ ಕೊಡುತ್ತದೆ, ಕಣ್ಣಿಗೆ ಬಿದ್ದರೆ ಉರಿ. ಚಿಗರೆ ಪುಡಿ ಎಂಬುದು ಒಣ ಕಾಡಿನಲ್ಲಿ ಬೆಳೆಯುವ ತುಗ್ಗಲಿ ಮರದ ಎಲೆಯ ಪುಡಿ. ಹಸಿರು ಬಣ್ಣ, ನೀರು ಹಾಕಿದರೆ ಲೋಳೆ, ತಲೆಗೆ ತಂಪು. ಕೆಲವು ಮನೆಗಳಲ್ಲಿ ಸೀಗೆಪುಡಿಯನ್ನು ಅನ್ನದ ಗಂಜಿಯಲ್ಲಿ ಕಲಸುತ್ತಿದ್ದರು. ಮೈಯ ಜಿಡ್ಡಿಗೆ ಕಡಲೆ ಹಿಟ್ಟು, ಹೆಸರು ಹಿಟ್ಟು. ಕೊನೆಗೆ ಸಾಂಬ್ರಾಣಿ ಹೊಗೆಯಲ್ಲಿ ಕೂದಲು ಒಣಗಿಸುವುದು.

ಇದರ ವಿಜ್ಞಾನವನ್ನು ಮೇಲಿನ ತರಗತಿಯ ಮಕ್ಕಳಿಗೆ ಹೇಳಬಹುದು. ಈ ಕಾಯಿ, ಎಲೆಗಳಲ್ಲಿ ಸ್ಯಾಪೋನಿನ್ ಎಂಬ ವಸ್ತು ಇದೆ. ಅದರ ಕಣದ ಒಂದು ಭಾಗ ಎಣ್ಣೆಯನ್ನು ಹಿಡಿಯುತ್ತದೆ, ಇನ್ನೊಂದು ಭಾಗ ನೀರನ್ನು ಹಿಡಿಯುತ್ತದೆ. ಆಗ ಎಣ್ಣೆ ನೀರಿನೊಡನೆ ಹೊರಟುಹೋಗುತ್ತದೆ. ಸಾಬೂನೂ ಇದೇ ಕೆಲಸ ಮಾಡುತ್ತದೆ. ಆದರೆ ಕೊಳವೆಬಾವಿಯ ಗಡಸು ನೀರಿನಲ್ಲಿ ಸಾಬೂನು ಕ್ಯಾಲ್ಸಿಯಂ ಜೊತೆ ಸೇರಿ ಬಿಳಿ ಗಸಿಯಾಗುತ್ತದೆ, ಕೂದಲು ಅಂಟಂಟಾಗುತ್ತದೆ. ಸ್ಯಾಪೋನಿನ್‌ಗೆ ಆ ತೊಂದರೆ ಇಲ್ಲ. ನಮ್ಮಂಥ ಬಯಲು ಸೀಮೆಯಲ್ಲಿ ಸಾಬೂನು ಬಂದ ಮೇಲೂ ತಲೆಗೆ ಸೀಗೆಯೇ ಉಳಿದದ್ದಕ್ಕೆ ಇದೂ ಒಂದು ಕಾರಣ.

ತಲೆಯ ಮೇಲೆ ಗೋಧಿ, ಹೊಟ್ಟೆಗೆ ಇಲ್ಲ

ಈಗ ಸ್ವಲ್ಪ ಹೊರಗೆ ಹೋಗೋಣ. ಒಣ ಪುಡಿಯಿಂದಲೇ ಕೂದಲನ್ನು ನೋಡಿಕೊಂಡ ಜನ ಯುರೋಪಿನವರು. 18ನೇ ಶತಮಾನದಲ್ಲಿ ಅಲ್ಲಿನ ಶ್ರೀಮಂತರು ಕೂದಲಿಗೂ, ಕಟ್ಟಿಕೊಳ್ಳುವ ಟೋಪನ್‌ಗೂ ಬಿಳಿ ಪುಡಿ ಉದುರಿಸುತ್ತಿದ್ದರು. ಅದು ಬಹುಪಾಲು ಪಿಷ್ಟ, ಅಂದರೆ ಗೋಧಿ ಮುಂತಾದ ಧಾನ್ಯದಿಂದ ತೆಗೆದ ಹಿಟ್ಟು. ಅಲಂಕಾರವೂ ಆಯಿತು, ಜಿಡ್ಡೂ ಹೀರಿತು.

1795ರಲ್ಲಿ ಬ್ರಿಟನ್ನಿನಲ್ಲಿ ಬೆಳೆ ಕೆಟ್ಟು ರೊಟ್ಟಿಗಾಗಿ ಗಲಭೆಗಳಾದವು. ಅದೇ ವರ್ಷ ಪ್ರಧಾನಿ ಪಿಟ್ ಸರ್ಕಾರ ಕೂದಲ ಪುಡಿಗೆ ತೆರಿಗೆ ಹಾಕಿತು. ಪುಡಿ ಬಳಸುವವರು ವರ್ಷಕ್ಕೆ ಒಂದು ಗಿನಿ ಕೊಟ್ಟು ಪರವಾನಗಿ ಪಡೆಯಬೇಕಿತ್ತು. ಫ್ಯಾಷನ್ ಬೇಗ ಇಳಿಯಿತು. ಹೊಟ್ಟೆಗೆ ಬೇಕಾದದ್ದು ತಲೆಗೆ ಹೋಗುತ್ತಿದೆ ಎಂಬುದು ಆಗಿನ ಜನರಿಗೆ ಕಣ್ಣಿಗೆ ಕಾಣುವಂತಿತ್ತು. ನಮ್ಮ ಚರಿತ್ರೆಯ ಲೆಕ್ಕದಲ್ಲಿ ಹೇಳುವುದಾದರೆ, 1792ರಲ್ಲಿ ಟಿಪ್ಪುವಿನಿಂದ ಬಾರಾಮಹಲ್ ಕಂಪನಿಗೆ ಹೋಗಿ, 1799ರಲ್ಲಿ ಹೊಸೂರು ಸೀಮೆ ಹೋಗುವ ನಡುವಿನ ಕಾಲ ಅದು.

ಚಂಪಿಯಿಂದ ಶಾಂಪೂ

ಶಾಂಪೂ ಎಂಬ ಮಾತು ನಮ್ಮ ದೇಶದಿಂದಲೇ ಇಂಗ್ಲಿಷಿಗೆ ಹೋದದ್ದು. ಹಿಂದಿಯ ಚಾಂಪೋ ಎಂದರೆ ಒತ್ತು, ಅಮುಕು. ತಲೆ ಒತ್ತುವ ಚಂಪಿಯೂ ಅಲ್ಲಿಂದಲೇ. 1759ರಲ್ಲಿ ಪಾಟ್ನಾದಲ್ಲಿ ಹುಟ್ಟಿದ ಶೇಖ್ ದೀನ್ ಮಹಮದ್ ಇಂಗ್ಲೆಂಡಿನ ಬ್ರೈಟನ್ ಊರಲ್ಲಿ ಸ್ನಾನಗೃಹ ನಡೆಸಿದ. ಅಲ್ಲಿನ ರಾಜರಿಗೇ ಶಾಂಪೂ ವೈದ್ಯ ಎನಿಸಿಕೊಂಡ. ಆಗ ಆ ಮಾತಿಗೆ ಮೈ ಒತ್ತುವುದು ಎಂದೇ ಅರ್ಥ. ಕೂದಲು ತೊಳೆಯುವುದು ಎಂಬ ಅರ್ಥ ಬಂದದ್ದು ಆಮೇಲೆ.

ಹೋದ ಮಾತು ಬಾಟಲಿಯಲ್ಲಿ ತುಂಬಿಕೊಂಡು ವಾಪಸ್ಸು ಬಂತು. ಬಹಳ ಕಾಲ ಅದು ಪಟ್ಟಣದವರ ಸಾಮಾನು. ಅದನ್ನು ಹಳ್ಳಿಗೆ ತಂದದ್ದು ನಮ್ಮ ತಮಿಳುನಾಡಿನ ಕಡಲೂರು. ಅಲ್ಲಿನ ಚಿನ್ನಿ ಕೃಷ್ಣನ್ ಶಾಂಪೂವನ್ನು ಸಣ್ಣ ಸ್ಯಾಷೆಯಲ್ಲಿ ಮಾರುವ ದಾರಿ ತೋರಿಸಿದರು. ಅವರ ಮಗ ಸಿ.ಕೆ. ರಂಗನಾಥನ್ 1983ರಲ್ಲಿ 15,000 ರೂಪಾಯಿ ಬಂಡವಾಳದಲ್ಲಿ ಚಿಕ್ ಶಾಂಪೂ ಶುರು ಮಾಡಿದರು. ಮುಂದೆ ಅದು 50 ಪೈಸೆಗೂ ಸಿಕ್ಕಿತು. ಪೆಟ್ಟಿಗೆ ಅಂಗಡಿಯಲ್ಲಿ ಸರದಂತೆ ತೂಗುವ ಸ್ಯಾಷೆ ಕೂಲಿ ಮಾಡುವ ಮನೆಗೂ ಎಟುಕಿತು. ಸೀಗೆ ಕುಟ್ಟುವ, ಜರಡಿ ಹಿಡಿಯುವ ಕೆಲಸ ಹೆಂಗಸರಿಗೆ ತಪ್ಪಿತು. ಇದು ಒಳ್ಳೆಯದೇ ಆಯಿತು, ಸುಳ್ಳು ಹೇಳಬಾರದು.

ಆದರೆ ಒಂದು ಕೊಂಡಿ ಕಳಚಿತು. ಮೊದಲು ಎಣ್ಣೆ ಹಚ್ಚಿದವರು ಎಣ್ಣೆ ತೆಗೆಯುತ್ತಿದ್ದರು. ಜಾಹೀರಾತು ಹಾರಾಡುವ ಕೂದಲನ್ನು ತೋರಿಸಿತು. ಎಣ್ಣೆ ಎಂದರೆ ಹಳ್ಳಿ, ಎಣ್ಣೆ ಎಂದರೆ ಕೊಳೆ ಎಂಬ ಭಾವನೆ ಬೆಳೆಯಿತು. ಎಣ್ಣೆ ಹಾಕಿ ಎರಡು ಜಡೆ ಮಡಿಚಿ ರಿಬ್ಬನ್ ಕಟ್ಟಿ ಶಾಲೆಗೆ ಬರುವ ನಮ್ಮ ಮಕ್ಕಳು, ಮುಂದೆ ಹೊಸೂರಿನ ಕಾಲೇಜಿಗೆ ಹೋದ ಮೊದಲ ವಾರವೇ ನಾಚಿಕೊಳ್ಳುವುದು ಇದಕ್ಕೇ. ಹದಿಹರೆಯದಲ್ಲಿ ನೆತ್ತಿಯ ಗ್ರಂಥಿಗಳು ಹೆಚ್ಚು ಜಿಡ್ಡು ಸುರಿಸುವುದು ವಯಸ್ಸಿನ ಧರ್ಮ. ಅದನ್ನು ಯಾರೂ ಅವರಿಗೆ ಹೇಳುವುದಿಲ್ಲ.

ಡಬ್ಬಿಯೊಳಗೆ ಏನಿದೆ?

ಅಂಗಡಿಯ ಡ್ರೈ ಶಾಂಪೂ ಪುಡಿಯಾಗಿಯೇ ಶುರುವಾಯಿತು. 1940ರ ದಶಕದಲ್ಲಿ ಅಮೆರಿಕದಲ್ಲಿ ಮಿನಿಪೂ ಎಂಬ ಪುಡಿ ಮಾರುತ್ತಿದ್ದರು. ಆಮೇಲೆ ಬುಸ್ ಎನ್ನುವ ಡಬ್ಬಿ ಬಂತು. ಹಳೆಯ ಸ್ಪ್ರೇ ಡಬ್ಬಿಗಳಲ್ಲಿ ತಳ್ಳುವ ಅನಿಲವಾಗಿ ಸಿಎಫ್‌ಸಿ ಇರುತ್ತಿತ್ತು. ಅದು ಓಝೋನ್ ಪದರವನ್ನು ಕೆಡಿಸುತ್ತದೆ ಎಂದು ತಿಳಿದ ಮೇಲೆ 1987ರ ಮಾಂಟ್ರಿಯಲ್ ಒಪ್ಪಂದದಿಂದ ಅದನ್ನು ಕೈಬಿಡುತ್ತಾ ಬಂದರು. ಈಗ ಬಹಳ ಡಬ್ಬಿಗಳಲ್ಲಿ ಇರುವುದು ಬ್ಯೂಟೇನ್, ಪ್ರೊಪೇನ್. ಅಂದರೆ ಅಡುಗೆ ಸಿಲಿಂಡರಿನ ಅನಿಲದ ಜಾತಿ. ಒಲೆಯ ಹತ್ತಿರ, ಸಾಂಬ್ರಾಣಿಯ ಹತ್ತಿರ ಇದನ್ನು ಒತ್ತಲೇಬಾರದು.

2022ರ ಅಕ್ಟೋಬರ್‌ನಲ್ಲಿ ಯೂನಿಲಿವರ್ ಕಂಪನಿ ಅಮೆರಿಕದಲ್ಲಿ ತನ್ನ ಹಲವು ಡ್ರೈ ಶಾಂಪೂ ಸ್ಪ್ರೇಗಳನ್ನು ತಾನಾಗಿಯೇ ಹಿಂದಕ್ಕೆ ಪಡೆಯಿತು. ಅವುಗಳಲ್ಲಿ ಬೆಂಜೀನ್ ಇರಬಹುದು ಎಂಬುದು ಕಾರಣ. ಬೆಂಜೀನ್ ಕ್ಯಾನ್ಸರ್ ತರುವ ವಸ್ತು. ಅದು ಬಂದದ್ದು ತಳ್ಳುವ ಅನಿಲದಿಂದ ಎಂದು ಕಂಪನಿಯೇ ಹೇಳಿತು.

ಇನ್ನು ಕೆಲವರು ಮಗುವಿನ ಟಾಲ್ಕಂ ಪೌಡರನ್ನೇ ತಲೆಗೆ ಹಾಕಿಕೊಳ್ಳುತ್ತಾರೆ. ಟಾಲ್ಕ್ ಎಂಬುದು ಕಲ್ಲಿನ ಪುಡಿ. 2024ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಅದನ್ನು ಬಹುಶಃ ಕ್ಯಾನ್ಸರ್ ತರಬಲ್ಲ ವಸ್ತುಗಳ ಪಟ್ಟಿಗೆ ಸೇರಿಸಿದೆ. ಯಾವುದೇ ಪುಡಿಯಾಗಲಿ ಮೂಗಿಗೆ ಹೋಗದಂತೆ ನೋಡಿಕೊಳ್ಳುವುದು ಒಳ್ಳೆಯದು.

ಹಾಗಾದರೆ ಯಾವುದು ಒಳ್ಳೆಯದು?

ಈಗ ಪ್ರಶ್ನೆಗೆ ಬರೋಣ. ಒಣ ಪುಡಿ ಜಿಡ್ಡನ್ನು ಹೀರುತ್ತದೆ, ತೊಳೆಯುವುದಿಲ್ಲ. ಬೆವರು, ಧೂಳು, ಹೊಟ್ಟು ಅಲ್ಲೇ ಇರುತ್ತವೆ. ದಿನ ದಿನವೂ ಪುಡಿಯ ಮೇಲೆ ಪುಡಿ ಹಾಕಿದರೆ ನೆತ್ತಿ ಮುಚ್ಚಿಕೊಂಡು ತುರಿಕೆ ಬರುತ್ತದೆ. ಆದ್ದರಿಂದ ಎರಡು ಸಲ ತಲೆಗೆ ನೀರು ಹಾಕಿಕೊಳ್ಳುವುದರ ನಡುವೆ ಒಂದು ದಿನಕ್ಕೆ ಪುಡಿ ಸಾಕು.

ಅದಕ್ಕೆ ಪಿಷ್ಟವೇ ಸಾಕು. ಜೋಳದ ಪಿಷ್ಟ, ಆರಾರೂಟು ಅಥವಾ ಚೆನ್ನಾಗಿ ಜರಡಿ ಹಿಡಿದ ಅಕ್ಕಿ ಹಿಟ್ಟು. ಒಂದು ಚಮಚ ಸಾಕು. ರಾತ್ರಿ ಮಲಗುವ ಮುಂಚೆ ಬೈತಲೆ ತೆಗೆದು ಬುಡಕ್ಕೆ ಬೆರಳಿನಿಂದ ಹಚ್ಚಿ, ಬೆಳಿಗ್ಗೆ ಸಣ್ಣ ಹಲ್ಲಿನ ಬಾಚಣಿಗೆಯಿಂದ ಬಾಚಿ ಕೊಡವಬೇಕು. ಕಪ್ಪು ಕೂದಲಿನಲ್ಲಿ ಬಿಳಿ ಉಳಿದರೆ ಹತ್ತಿ ಬಟ್ಟೆಯಿಂದ ಒರೆಸಬಹುದು. ಸೀಗೆಪುಡಿಯನ್ನು ಒಣದಾಗಿ ಹಾಕಬೇಡಿ, ಅದಕ್ಕೆ ನೀರು ಬೇಕು, ಒಣಪುಡಿ ಕಣ್ಣು ಮೂಗಿಗೆ ಉರಿ. ವಾರಕ್ಕೆ ಎರಡು ದಿನ ಸೀಗೆಯಿಂದಲೋ ಶಾಂಪೂವಿನಿಂದಲೋ ತೊಳೆದರೆ ಲೆಕ್ಕ ಸರಿಹೋಗುತ್ತದೆ. ನೆತ್ತಿಯಲ್ಲಿ ಗಾಯ, ವಿಪರೀತ ಹೊಟ್ಟು ಇದ್ದರೆ ಪುಡಿ ಬಿಟ್ಟು ವೈದ್ಯರಿಗೆ ತೋರಿಸಬೇಕು.

ಕೊನೆಗೆ ಇನ್ನೊಂದು ಮಾತು. ಸೀಗೆ, ಅಂಟುವಾಳ ಕಾಡಿನಿಂದ ತಾವಾಗಿ ಬರುವುದಿಲ್ಲ, ಯಾರೋ ಮುಳ್ಳಿನಲ್ಲಿ ಕೈ ಹಾಕಿ ಕೀಳಬೇಕು. ನಮ್ಮ ಬೆಟ್ಟಗಳಲ್ಲಿ ಇರುಳರ ಹಾಡಿಗಳಿವೆ. 2006ರ ಅರಣ್ಯ ಹಕ್ಕು ಕಾಯ್ದೆ ಕಾಡಿನ ಕಿರು ಉತ್ಪನ್ನಗಳ ಮೇಲೆ ಕಾಡಿನ ಜನರಿಗೆ ಹಕ್ಕು ಕೊಟ್ಟಿದೆ. 2014ರಲ್ಲಿ ಈ ಕಾಡಿನ ಭಾಗ ಕಾವೇರಿ ಉತ್ತರ ವನ್ಯಜೀವಿಧಾಮವಾಯಿತು. ಕಾಡೂ ಉಳಿಯಬೇಕು, ಕಿತ್ತವರಿಗೆ ಕೂಲಿಯೂ ಸಿಗಬೇಕು. ಕೊಳ್ಳುವವರಿಲ್ಲದಿದ್ದರೆ ಆ ಹಕ್ಕು ಕಾಗದದ ಮೇಲೆ ಉಳಿಯುತ್ತದೆ.

ಕನ್ನಡ ಮಾಧ್ಯಮದ ಶಿಕ್ಷಕ ಬಂಧುಗಳಲ್ಲಿ ನಮ್ಮ ಕೋರಿಕೆ ಇಷ್ಟೇ. ಈ ವರ್ಷದ ಪ್ರಾಜೆಕ್ಟಿಗೆ ಮಕ್ಕಳಿಂದ ಮನೆಯ ಅಜ್ಜಿಯರನ್ನು ಕೇಳಿಸಿ. ತಲೆಗೆ ಏನು ಹಾಕುತ್ತಿದ್ದರು, ಅದು ಯಾವ ಮರ, ಎಲ್ಲಿ ಸಿಗುತ್ತಿತ್ತು, ಮೂರು ಭಾಷೆಯಲ್ಲಿ ಅದರ ಹೆಸರೇನು ಎಂದು ಬರೆದು ತರಲಿ. ತುಗ್ಗಲಿ ಮರವನ್ನು ಗುರುತಿಸಬಲ್ಲ ಮಕ್ಕಳು ಎಷ್ಟು ಮಂದಿ ಇದ್ದಾರೆ, ಅದೂ ಗೊತ್ತಾಗಲಿ. ಏನಂತೀರಿ?